ಕೇಳಿದ್ದೆಷ್ಟು, ಬಳಸಿದ್ದೆಷ್ಟು

2015ರ ಬೇಸಿಗೆಯಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳು ಸುದ್ದಿಯಲ್ಲಿತ್ತು. ಅಲ್ಲಿನ ಹಳೆಯ ಖಾದಿ ಕೇಂದ್ರದ ಆವರಣದಲ್ಲಿ ರಂಗಕರ್ಮಿ ಪ್ರಸನ್ನ ಸತ್ಯಾಗ್ರಹ ಕೂತಿದ್ದರು. ಏಪ್ರಿಲ್‌ನಲ್ಲಿ ಸುಸ್ಥಿರ ಬದುಕಿನ ಕುರಿತ ಸಮಾವೇಶವೂ ಅಲ್ಲೇ ನಡೆಯಿತು. ನಮಗೆ ಬೇಕಾದ್ದು ಎಷ್ಟು, ನಾವು ಬಾಚಿಕೊಳ್ಳುತ್ತಿರುವುದು ಎಷ್ಟು ಎಂಬುದು ಆ ಸತ್ಯಾಗ್ರಹ ಎತ್ತಿದ ಪ್ರಶ್ನೆ. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಸಹಸ್ರ-ಟಿ’ ಎಂಬ ಸೂಪರ್ ಕಂಪ್ಯೂಟರ್ ಕೆಲಸಕ್ಕೆ ನಿಂತು, ಜಗತ್ತಿನ ಮೊದಲ ನೂರು ವೇಗದ ಯಂತ್ರಗಳ ಪಟ್ಟಿಯೊಳಗೆ ಸೇರಿತು. ಅದರ ಮುಖ್ಯ ಭಾಗದಲ್ಲಿ 1,376 ನೋಡ್‌ಗಳು, 33,024 ಕೋರ್‌ಗಳು. ಕೇಂದ್ರ ಸರ್ಕಾರ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್‌ಗೆ ಒಪ್ಪಿಗೆ ಕೊಟ್ಟದ್ದೂ ಅದೇ ವರ್ಷ.

ಈ ಎರಡನ್ನು ಎದುರುಬದುರು ನಿಲ್ಲಿಸಿ ಒಂದನ್ನು ಸರಿ, ಇನ್ನೊಂದನ್ನು ತಪ್ಪು ಎನ್ನುವುದು ಸುಲಭ. ನನಗೆ ಅದು ಬೇಡ. ಬದನವಾಳಿನ ಪ್ರಶ್ನೆಯನ್ನು ಯಂತ್ರದ ಕೋಣೆಯೊಳಗೇ ಕೇಳಬಹುದು. ಕೇಳಬೇಕು ಕೂಡ, ಏಕೆಂದರೆ ಅಲ್ಲಿ ಅದಕ್ಕೆ ಅಂಕಿಯಲ್ಲೇ ಉತ್ತರ ಸಿಗುತ್ತದೆ. ಸಾವಿರಾರು ಜನ ಹಂಚಿಕೊಂಡು ಬಳಸುವ ಯಂತ್ರದಲ್ಲಿ ಒಬ್ಬೊಬ್ಬರೂ ಎಷ್ಟು ಕೇಳಿದರು, ಎಷ್ಟು ಬಳಸಿದರು ಎಂಬ ಲೆಕ್ಕವನ್ನು ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಬರೆದಿಡಲಾಗುತ್ತದೆ. ಆ ಲೆಕ್ಕವನ್ನು ತೆರೆದು ನೋಡುವವರು ಮಾತ್ರ ಕಡಿಮೆ.

ಖಾದಿ ಕೇಂದ್ರಗಳಲ್ಲಿ ನೂಲುವವರಿಗೆ ಹಂಜಿಯನ್ನು ತೂಗಿ ಕೊಡುತ್ತಾರೆ, ನೂತ ಮೇಲೆ ಲಡಿಗಳನ್ನು ತೂಗಿ ತೆಗೆದುಕೊಳ್ಳುತ್ತಾರೆ. ಸಾವಿರ ಮೀಟರ್ ನೂಲಿಗೆ ಒಂದು ಲಡಿ. ಕೊಟ್ಟ ತೂಕಕ್ಕೂ ಬಂದ ತೂಕಕ್ಕೂ ನಡುವಿನ ಅಂತರವೇ ಹಾಳಾದ ಹತ್ತಿ. ಅದು ಕೊಟ್ಟವರಿಗೂ ಗೊತ್ತು, ನೂತವರಿಗೂ ಗೊತ್ತು. ಬದನವಾಳಿನಲ್ಲಿ ನೂತ ಹೆಣ್ಣುಮಕ್ಕಳ ಕೈಗೆ ಈ ಎರಡು ತೂಕಗಳ ಲೆಕ್ಕ ದಿನನಿತ್ಯದ್ದು. ಕಂಪ್ಯೂಟರ್ ಕ್ಲಸ್ಟರ್‌ನಲ್ಲಿ ನಡೆಯಬೇಕಾದ ಲೆಕ್ಕವೂ ಇದೇ. ವ್ಯತ್ಯಾಸವೆಂದರೆ ಇಲ್ಲಿ ಹಾಳಾದದ್ದು ಕಣ್ಣಿಗೆ ಬೀಳುವುದಿಲ್ಲ. ಹಾಳು ಮಾಡಿದವರಿಗೆ ಅದರ ಅರಿವೂ ಇರುವುದಿಲ್ಲ.

ಒಂದು ಜಾಬ್‌ನ ದಾರಿ

ಕ್ಲಸ್ಟರ್ ಎಂದರೆ ನೂರಾರು ಕಂಪ್ಯೂಟರ್‌ಗಳನ್ನು ಅತಿ ವೇಗದ ಜಾಲದಿಂದ ಜೋಡಿಸಿ, ಒಂದೇ ಯಂತ್ರದಂತೆ ಕೆಲಸ ಮಾಡಿಸುವ ಏರ್ಪಾಡು. ಒಂದೊಂದು ಕಂಪ್ಯೂಟರನ್ನು ನೋಡ್ ಎನ್ನುತ್ತಾರೆ, ಅದರೊಳಗೆ ಲೆಕ್ಕ ಮಾಡುವ ಒಂದೊಂದು ಘಟಕವನ್ನು ಕೋರ್ ಎನ್ನುತ್ತಾರೆ. ಸಹಸ್ರ-ಟಿಯ ನಂತರ ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್ ಕಂಪ್ಯೂಟರ್ ಕೇಂದ್ರಕ್ಕೆ 2022ರಲ್ಲಿ ಬಂದದ್ದು ‘ಪರಮ್ ಪ್ರವೇಗ’. ಅದರ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಹೆಚ್ಚು ಲೆಕ್ಕ. ಅದರ ಒಂದು ಸಾಧಾರಣ ನೋಡ್‌ನಲ್ಲಿ 48 ಕೋರ್‌ಗಳು, 192 ಗಿಗಾಬೈಟ್ ಮೆಮೊರಿ. ಹೆಚ್ಚು ಮೆಮೊರಿ ಬೇಕಾದವರಿಗೆ 768 ಗಿಗಾಬೈಟ್‌ನ ನೋಡ್‌ಗಳು ಬೇರೆ, ಸಾವಿರಾರು ಸಣ್ಣ ಘಟಕಗಳಿಂದ ಒಟ್ಟಿಗೆ ಲೆಕ್ಕ ಮಾಡುವ ಜಿಪಿಯು ಬೇಕಾದವರಿಗೆ ಬೇರೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ‘ಪರಮ್ ಯುಕ್ತಿ’ ಇದೆ, ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿ ‘ಪರಮ್ ಉತ್ಕರ್ಷ್’ ಇದೆ. ಕರ್ನಾಟಕಕ್ಕೆ ಈ ವಿದ್ಯೆ ಹೊಸದೇನಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, 1986ರಲ್ಲಿ, ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರ್ ತಯಾರಾಗಿತ್ತು. ಸಿ-ಡ್ಯಾಕ್‌ನ ಮೊದಲ ಪರಮ್ ಬಂದದ್ದು ಅದಾದ ಐದು ವರ್ಷಕ್ಕೆ.

ಬಳಸುವವರು ಈ ನೋಡ್‌ಗಳ ಮುಂದೆ ಕೂರುವುದಿಲ್ಲ. ತಮ್ಮ ಲ್ಯಾಪ್‌ಟಾಪ್‌ನಿಂದ ‘ಲಾಗಿನ್ ನೋಡ್’ ಎಂಬ ಹೆಬ್ಬಾಗಿಲಿಗೆ ಬಂದು ಅರ್ಜಿಯಂಥ ಒಂದು ಸಣ್ಣ ಫೈಲ್, ಅಂದರೆ ಸ್ಕ್ರಿಪ್ಟ್, ಬರೆದು ಕೊಡುತ್ತಾರೆ: ನನಗೆ ಇಷ್ಟು ಕೋರ್ ಬೇಕು, ಇಷ್ಟು ಮೆಮೊರಿ ಬೇಕು, ಇಷ್ಟು ಗಂಟೆ ಬೇಕು, ಓಡಿಸಬೇಕಾದ ಪ್ರೋಗ್ರಾಂ ಇದು. ಇದಕ್ಕೆ ‘ಜಾಬ್ ಹಾಕುವುದು’ ಎನ್ನುತ್ತಾರೆ. ಅರ್ಜಿಗಳನ್ನು ನೋಡಿಕೊಳ್ಳುವುದು ಶೆಡ್ಯೂಲರ್ ಎಂಬ ತಂತ್ರಾಂಶ. ಸಹಸ್ರ-ಟಿಯಲ್ಲಿ ಪಿಬಿಎಸ್ ಇತ್ತು, ಪ್ರವೇಗದಲ್ಲಿ ಸ್ಲರ್ಮ್ ಇದೆ. ಸ್ಲರ್ಮ್ ಹುಟ್ಟಿದ್ದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ. ಅದರ ಮೂಲ ಬರಹ ಎಲ್ಲರಿಗೂ ಮುಕ್ತವಾದ್ದರಿಂದ ಇವತ್ತು ಜಗತ್ತಿನ ದೊಡ್ಡ ಯಂತ್ರಗಳಲ್ಲಿ ಬಹಳಷ್ಟು ಅದರ ಮೇಲೇ ನಡೆಯುತ್ತವೆ.

ಶೆಡ್ಯೂಲರ್‌ಗೆ ಅರ್ಜಿಯಲ್ಲಿ ಬರೆದದ್ದೇ ಸತ್ಯ. 48 ಕೋರ್ ಎಂದು ಬರೆದರೆ 48ನ್ನೂ ಆ ಜಾಬ್‌ಗೆ ಕಟ್ಟಿಡುತ್ತದೆ. ಒಳಗಿನ ಪ್ರೋಗ್ರಾಂ ನಾಲ್ಕೇ ಕೋರ್ ಬಳಸಲಿ, ಉಳಿದ 44 ಸುಮ್ಮನೆ ಕೂತಿರಲಿ, ಜಾಬ್ ಮುಗಿಯುವ ತನಕ ಅವು ಇನ್ನೊಬ್ಬರಿಗೆ ಸಿಗುವುದಿಲ್ಲ. ಮೆಮೊರಿಯೂ ಅಷ್ಟೆ. ಕ್ಯೂನಲ್ಲಿ ಮುನ್ನೂರು ಜನ ಕಾದಿರಬಹುದು. ಆ ಮುನ್ನೂರರಲ್ಲಿ ಪ್ರಬಂಧ ಒಪ್ಪಿಸುವ ಗಡುವು ಹತ್ತಿರ ಬಂದು ನಿದ್ದೆಗೆಟ್ಟವರಿರುತ್ತಾರೆ, ಔಷಧದ ಅಣುವೊಂದು ಪ್ರೋಟೀನಿಗೆ ಹೇಗೆ ಅಂಟುತ್ತದೆ ಎಂದು ನೋಡುತ್ತಿರುವವರಿರುತ್ತಾರೆ, ಮುಂಗಾರಿನ ಮಾದರಿ ಓಡಿಸುವವರಿರುತ್ತಾರೆ. ಕೂತ ಕೋರ್ ಕೂತೇ ಇರುತ್ತದೆ. ಅದಕ್ಕೂ ಕರೆಂಟ್ ಹೋಗುತ್ತಿರುತ್ತದೆ, ತಂಪು ಮಾಡುವ ವ್ಯವಸ್ಥೆಯೂ ನಡೆಯುತ್ತಿರುತ್ತದೆ. ಬಳಸಿ ಸವೆಸಿದ್ದಕ್ಕಿಂತ ಹಿಡಿದಿಟ್ಟುಕೊಂಡು ಬಳಸದೆ ಬಿಟ್ಟದ್ದೇ ಇಲ್ಲಿ ದೊಡ್ಡ ನಷ್ಟ. ಈ ಲೇಖನ ಬರೆಯಲು ಕೂತದ್ದೇ ಇದನ್ನು ಹೇಳಬೇಕೆಂದು.

ಹೆಚ್ಚು ಕೇಳುವುದು ದುರಾಸೆಯಿಂದಲ್ಲ, ಹೆದರಿಕೆಯಿಂದ. ಮೆಮೊರಿ ಕಡಿಮೆ ಕೇಳಿ, ಜಾಬ್ ಎರಡು ದಿನ ಓಡಿದ ಮೇಲೆ ‘ಕಿಲ್’ ಆದರೆ ಎರಡು ದಿನವೂ ಹೋಯಿತು. ಒಮ್ಮೆ ಹಾಗಾದವರು ಮುಂದಿನ ಸಲ ಇಡೀ ನೋಡನ್ನೇ ಕೇಳುತ್ತಾರೆ. ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಹಿರಿಯರ ಸ್ಕ್ರಿಪ್ಟನ್ನೇ ಕಾಪಿ ಮಾಡಿಕೊಳ್ಳುತ್ತಾಳೆ. ಅದರಲ್ಲಿ 48 ಎಂದಿದ್ದರೆ ಇವಳದ್ದೂ 48. ಅವರಿಗೆ ಯಾಕೆ 48 ಬೇಕಿತ್ತು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಹೀಗೆ ಒಂದು ಅಂಕಿ ಲ್ಯಾಬಿನಲ್ಲಿ ವರ್ಷಗಟ್ಟಲೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ.

ಓಡುತ್ತಿರುವಾಗಲೇ ನೋಡುವುದು

ಹೊಸಬರು ಮೊದಲು ಮಾಡುವ ಕೆಲಸ ಲಾಗಿನ್ ನೋಡ್‌ನಲ್ಲಿ ‘ಟಾಪ್’ ಎಂಬ ಕಮಾಂಡ್ ಕೊಡುವುದು. ಲಿನಕ್ಸ್ ಯಂತ್ರದಲ್ಲಿ ಯಾವ ಪ್ರೋಗ್ರಾಂ ಎಷ್ಟು ಸಿಪಿಯು, ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ತೋರಿಸುವ ಹಳೆಯ, ನಂಬಿಕಸ್ತ ಸಾಧನ ಅದು. ಆದರೆ ಅವರ ಜಾಬ್ ಓಡುತ್ತಿರುವುದು ಬೇರೆಲ್ಲೋ, ಇನ್ನೊಂದು ರ‍್ಯಾಕಿನ ಇನ್ನೊಂದು ನೋಡ್‌ನಲ್ಲಿ. ಲಾಗಿನ್ ನೋಡ್‌ನಲ್ಲಿ ಕಾಣುವುದು ತಮ್ಮಂತೆಯೇ ಬಂದು ನಿಂತ ಇತರರ ಎಡಿಟರ್‌ಗಳು, ಫೈಲ್ ಸಾಗಣೆಗಳು. ಅಲ್ಲಿ ತಮ್ಮ ಪ್ರೋಗ್ರಾಂ ಕಾಣದೆ ‘ಜಾಬ್ ನಿಂತೇ ಹೋಗಿದೆ’ ಎಂದು ಗಾಬರಿಯಾಗಿ ಅದನ್ನು ರದ್ದು ಮಾಡಿದವರಿದ್ದಾರೆ.

ಸರಿಯಾದ ದಾರಿ ಹೀಗೆ. ಮೊದಲು ಸ್ಲರ್ಮ್‌ನ ‘ಎಸ್‌-ಕ್ಯೂ’ ಕಮಾಂಡ್ ಕೊಟ್ಟರೆ ಜಾಬ್ ಕಾಯುತ್ತಿದೆಯೋ ಓಡುತ್ತಿದೆಯೋ, ಓಡುತ್ತಿದ್ದರೆ ಯಾವ ನೋಡ್‌ನಲ್ಲಿ ಎಂದು ತಿಳಿಯುತ್ತದೆ. ಬಹುಪಾಲು ಕ್ಲಸ್ಟರ್‌ಗಳಲ್ಲಿ ನಿಮ್ಮ ಜಾಬ್ ಇರುವಷ್ಟು ಹೊತ್ತು ಆ ನೋಡ್‌ಗೆ ನೀವು ಹೋಗಬಹುದು. ಹೋಗಿ ಅಲ್ಲಿ ‘ಟಾಪ್’ ನೋಡಿದರೆ ಆಗ ಕಾಣುವುದು ನಿಜ. ಅಲ್ಲಿಗೆ ಹೋಗದೆಯೂ ನೋಡಬೇಕೆಂದರೆ ‘ಎಸ್‌-ಸ್ಟ್ಯಾಟ್’ ಇದೆ. ಓಡುತ್ತಿರುವ ಜಾಬ್ ಈವರೆಗೆ ಮುಟ್ಟಿದ ಅತಿ ಹೆಚ್ಚಿನ ಮೆಮೊರಿ, ಬಳಸಿದ ಸಿಪಿಯು ಸಮಯ, ಡಿಸ್ಕಿನಿಂದ ಓದಿದ್ದು, ಬರೆದದ್ದು ಎಲ್ಲವನ್ನೂ ಅದು ಹೇಳುತ್ತದೆ. ಜಾಬ್ ಮುಗಿದ ಮೇಲೆ ಅದೇ ಲೆಕ್ಕ ‘ಎಸ್‌-ಅಕೌಂಟ್’ ಕಮಾಂಡ್‌ನಲ್ಲಿ ಉಳಿದಿರುತ್ತದೆ. ಪಿಬಿಎಸ್ ಇರುವ ಕಡೆ ‘ಕ್ಯೂ-ಸ್ಟ್ಯಾಟ್’ ಇದೇ ಕೆಲಸ ಮಾಡುತ್ತದೆ. ಇಷ್ಟೆಲ್ಲ ನೆನಪಿಡಲಾರದವರಿಗೆ ‘ಸೆಫ್’ ಎಂಬ ಪುಟ್ಟ ಸಾಧನವಿದೆ. ಮುಗಿದ ಜಾಬ್‌ನ ನಂಬರ್ ಕೊಟ್ಟರೆ ಸಾಕು, ಕೇಳಿದ್ದರಲ್ಲಿ ಶೇಕಡ ಎಷ್ಟು ಬಳಸಿದಿರಿ ಎಂದು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತದೆ.

ಒಂದು ಲೆಕ್ಕ ಮಾಡೋಣ. ಯಾರೋ 48 ಕೋರ್ ಕೇಳಿದರು, ಜಾಬ್ ಹತ್ತು ಗಂಟೆ ಓಡಿತು. ಹಿಡಿದಿಟ್ಟದ್ದು 480 ಕೋರ್-ಗಂಟೆ. ಎಲ್ಲ ಕೋರ್‌ಗಳೂ ಸೇರಿ ನಿಜವಾಗಿ ದುಡಿದ ಸಿಪಿಯು ಸಮಯ 40 ಗಂಟೆ ಎಂದು ‘ಸೆಫ್’ ಹೇಳಿತು ಎನ್ನಿ. 40ನ್ನು 480ರಿಂದ ಭಾಗಿಸಿದರೆ ಶೇ 8.3. ಅಂದರೆ ಸರಾಸರಿ ನಾಲ್ಕು ಕೋರ್ ಕೆಲಸ ಮಾಡಿದವು. 192 ಗಿಗಾಬೈಟ್ ಕೇಳಿದ ಮೆಮೊರಿಯಲ್ಲಿ ತಲುಪಿದ್ದು 6. ಮುಂದಿನ ಸಲ ನಾಲ್ಕು ಕೋರ್, 8 ಗಿಗಾಬೈಟ್ ಕೇಳಿದರೂ ಇದೇ ಜಾಬ್ ಹತ್ತೇ ಗಂಟೆಯಲ್ಲಿ ಮುಗಿಯುವ ಸಂಭವ ಹೆಚ್ಚು. ಪ್ರವೇಗದ ಒಂದೇ ನೋಡ್‌ನ ಒಂದು ದಿನ 1,152 ಕೋರ್-ಗಂಟೆ. ಇಂಥ ಹತ್ತು ಜಾಬ್‌ಗಳು ತಿದ್ದಿಕೊಂಡರೆ ಎಷ್ಟು ಉಳಿಯುತ್ತದೆ ಎಂದು ಓದುಗರೇ ಗುಣಿಸಿ ನೋಡಬಹುದು.

ಶೇ 8 ಎಂದು ಕಂಡಾಗ ಕಾರಣ ಹುಡುಕಬೇಕು. ಪ್ರೋಗ್ರಾಂ ಒಂದೇ ಕೋರ್ ಬಳಸುವಂತೆ ಬರೆದದ್ದಿರಬಹುದು. ಅಂಥದ್ದಕ್ಕೆ ಸಾವಿರ ಕೋರ್ ಕೊಟ್ಟರೂ ವೇಗ ಒಂದಿಷ್ಟೂ ಹೆಚ್ಚದು. ಹಲವು ಕೋರ್ ಬಳಸಬಲ್ಲದ್ದೇ ಆದರೂ ಎಷ್ಟು ಎಂದು ಹೇಳುವ ಸಾಲೊಂದು ಸ್ಕ್ರಿಪ್ಟ್‌ನಲ್ಲಿ ಬಿಟ್ಟುಹೋಗಿರಬಹುದು. ಅಥವಾ ಪ್ರೋಗ್ರಾಂ ಒಡೆದುಕೊಂಡ ಎಲ್ಲ ಎಳೆಗಳೂ (ಥ್ರೆಡ್) ಒಂದೇ ಕೋರಿನ ಮೇಲೆ ಬಂದು ಕೂತು ಒಂದನ್ನೊಂದು ತಳ್ಳುತ್ತಿರಬಹುದು. ಇದು ನೋಡ್‌ಗೆ ಹೋಗಿ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ, ನೋಡದಿದ್ದರೆ ತಿಂಗಳಾದರೂ ಗೊತ್ತಾಗುವುದಿಲ್ಲ. ಇನ್ನೊಂದು ಸಾಧ್ಯತೆ, ಕೋರ್‌ಗಳು ಲೆಕ್ಕ ಮಾಡುವುದಕ್ಕಿಂತ ಡಿಸ್ಕಿನಿಂದ ದತ್ತಾಂಶ ಬರಲೆಂದು ಕಾಯುವುದರಲ್ಲೇ ಹೊತ್ತು ಕಳೆಯುತ್ತಿರಬಹುದು.

ಮೆಮೊರಿಯ ವಿಷಯದಲ್ಲಿ ಕೊನೆಯ ಅಂಕಿಗಿಂತ ಅದು ಏರಿದ ರೀತಿ ಹೆಚ್ಚು ಹೇಳುತ್ತದೆ. ಅದಕ್ಕೇ ಓಡುತ್ತಿರುವಾಗ ನೋಡಬೇಕು ಎನ್ನುವುದು. ಮೊದಲ ಹತ್ತು ನಿಮಿಷದಲ್ಲಿ ಏರಿ ಆಮೇಲೆ ಸಮನಾಗಿ ನಿಂತರೆ ಜಾಬ್ ಆರೋಗ್ಯವಾಗಿದೆ, ಎಲ್ಲಿ ನಿಂತಿದೆಯೋ ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೇಳಿದರೆ ಸಾಕು. ಗಂಟೆ ಗಂಟೆಗೂ ಒಂದೇ ಸಮ ಏರುತ್ತಲೇ ಹೋದರೆ ಪ್ರೋಗ್ರಾಂ ಬೇಡವಾದ್ದನ್ನು ಬಿಟ್ಟುಕೊಡುತ್ತಿಲ್ಲ ಎಂದರ್ಥ. ಹೆಚ್ಚು ಮೆಮೊರಿ ಕೇಳಿದರೆ ಸಾಯುವುದು ಒಂದು ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಅಲ್ಲಿ ತಿದ್ದಬೇಕಾದದ್ದು ಪ್ರೋಗ್ರಾಂ. ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಪ್ರತಿ ಹಂತದಲ್ಲೂ ಹೊಸ ಫೈಲ್ ಪೂರ್ತಿ ಓದಿಕೊಳ್ಳುತ್ತಿದೆಯೇ ಎಂದು ನೋಡಬೇಕು. ಈ ಮೂರು ಚಿತ್ರಗಳನ್ನು ಗುರುತಿಸಲು ಕಲಿತ ವಿದ್ಯಾರ್ಥಿಗೆ ಅರ್ಧ ವಿದ್ಯೆ ಬಂದಂತೆಯೇ ಎಂದು ನನ್ನ ಅಭಿಪ್ರಾಯ.

ಸಮಯದ ಅಂದಾಜೂ ಹೀಗೆಯೇ ನೋಡಿ ನೋಡಿ ಬರಬೇಕು. ಎರಡು ಗಂಟೆಯ ಕೆಲಸಕ್ಕೆ ಮೂರು ದಿನ ಕೇಳಿದರೆ ಯಾರಿಗೂ ತೊಂದರೆಯಿಲ್ಲ, ಬೇಗ ಮುಗಿದರೆ ಬಿಟ್ಟುಕೊಡುತ್ತೇನಲ್ಲ ಎಂದು ಹಲವರು ತಿಳಿದಿರುತ್ತಾರೆ. ತೊಂದರೆ ಅವರಿಗೇ. ದೊಡ್ಡದೊಂದು ಜಾಬ್ ನೂರು ನೋಡ್ ಬೇಕೆಂದು ಕಾಯುತ್ತಿರುವಾಗ ಶೆಡ್ಯೂಲರ್ ನೋಡ್‌ಗಳನ್ನು ಒಂದೊಂದಾಗಿ ಅದಕ್ಕೆಂದು ಹಿಡಿದಿಡುತ್ತದೆ. ಪೂರ್ತಿ ನೂರು ಸೇರಲು ಇನ್ನೂ ಮೂರು ಗಂಟೆ ಇದೆ ಎಂದಾದರೆ, ಈಗಾಗಲೇ ಖಾಲಿಯಾದವುಗಳ ಮೇಲೆ ಮೂರು ಗಂಟೆಯೊಳಗೆ ಮುಗಿಯುವ ಸಣ್ಣ ಜಾಬ್‌ಗಳನ್ನು ತೂರಿಸಬಹುದು. ‘ಬ್ಯಾಕ್‌ಫಿಲ್’ ಎಂಬ ಈ ಉಪಾಯ 1990ರ ದಶಕದಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಿಂದ ಬಂದದ್ದು. ಎರಡು ಗಂಟೆ ಎಂದು ಬರೆದವರು ತಕ್ಷಣ ಒಳಗೆ ಹೋಗುತ್ತಾರೆ. ಮೂರು ದಿನ ಎಂದು ಬರೆದವರು ಅದೇ ಎರಡು ಗಂಟೆಯ ಕೆಲಸ ಇಟ್ಟುಕೊಂಡು ನಾಳೆಯವರೆಗೂ ಕಾಯುತ್ತಾರೆ. ಇದರ ಮೇಲೆ ‘ಫೇರ್‌ಶೇರ್’ ಎಂಬ ಲೆಕ್ಕ ಬೇರೆ: ಇತ್ತೀಚಿನ ದಿನಗಳಲ್ಲಿ ಹೆಚ್ಚು ಹಿಡಿದಿಟ್ಟುಕೊಂಡವರ ಸರದಿ ಹಿಂದಕ್ಕೆ ಸರಿಯುತ್ತದೆ. ಅದರಲ್ಲಿ ಸಾಮಾನ್ಯವಾಗಿ ನಿಮ್ಮ ಹೆಸರಿಗೆ ಬರೆಯುವುದು ಕೊಟ್ಟದ್ದನ್ನು. ಬಳಸದೆ ಬಿಟ್ಟ 44 ಕೋರ್‌ಗಳೂ ನಿಮ್ಮ ಖಾತೆಗೇ ಬೀಳುತ್ತವೆ.

ಗೆರೆ ಎಳೆದವರು

ಕೇಳಿದ್ದಕ್ಕಿಂತ ಹೆಚ್ಚು ಮೆಮೊರಿಗೆ ಕೈಹಾಕಿದ ಜಾಬನ್ನು ಯಾರು ತಡೆಯುತ್ತಾರೆ? ಹದಿನೈದಿಪ್ಪತ್ತು ವರ್ಷಗಳ ಹಿಂದಿನ ಕ್ಲಸ್ಟರ್‌ಗಳಲ್ಲಿ ಇದಕ್ಕೆ ಗಟ್ಟಿ ಉತ್ತರವಿರಲಿಲ್ಲ. ಒಬ್ಬರ ಜಾಬ್ ಹುಚ್ಚೆದ್ದರೆ ಅದೇ ನೋಡ್‌ನಲ್ಲಿದ್ದ ಇನ್ನಿಬ್ಬರ ಜಾಬ್‌ಗಳೂ ಸಾಯುತ್ತಿದ್ದವು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ‘ಸಿ-ಗ್ರೂಪ್’ ಎಂಬ ಏರ್ಪಾಡು ಬಂದ ಮೇಲೆ ಇದು ಬದಲಾಯಿತು. ಒಂದು ಗುಂಪಿನ ಪ್ರೋಗ್ರಾಂಗಳಿಗೆ ಒಟ್ಟಾಗಿ ಇಷ್ಟೇ ಮೆಮೊರಿ, ಇವೇ ಕೋರ್‌ಗಳು ಎಂದು ಗೆರೆ ಎಳೆಯುವ, ಆ ಗುಂಪು ಬಳಸಿದ್ದನ್ನು ಅಳೆಯುವ ವ್ಯವಸ್ಥೆ ಅದು. ಮೂಲ ಯೋಚನೆ 2006ರಲ್ಲಿ ಗೂಗಲ್‌ನ ಎಂಜಿನಿಯರ್‌ಗಳದ್ದು. 2008ರಲ್ಲಿ ಕರ್ನಲ್‌ಗೆ ಸೇರಿತು.

ಈ ಕಥೆಯಲ್ಲಿ ಬೆಂಗಳೂರಿನ ಪಾಲಿದೆ ಎಂಬುದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಸಿ-ಗ್ರೂಪ್‌ನ ಮೆಮೊರಿ ನಿಯಂತ್ರಕವನ್ನು ಬರೆದವರಲ್ಲಿ ಪ್ರಮುಖರು ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಬಲ್ಬೀರ್ ಸಿಂಗ್. ಕೋರ್‌ಗಳ ಸಮಯವನ್ನು ಗುಂಪುಗಳ ನಡುವೆ ನ್ಯಾಯವಾಗಿ ಹಂಚುವ ಭಾಗದಲ್ಲಿ ದುಡಿದವರು ಅದೇ ಸೆಂಟರ್‌ನ ಶ್ರೀವತ್ಸ ವಡ್ಡಗಿರಿ. ಆಗ ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಬೆಂಗಳೂರಿನಿಂದ. ಇವತ್ತು ಪ್ರೋಗ್ರಾಂಗಳನ್ನು ಬೇರೆಬೇರೆ ಡಬ್ಬಗಳಲ್ಲಿಟ್ಟಂತೆ ಓಡಿಸುವ ಡಾಕರ್ ಎಂದರೂ ಕುಬರ್ನೆಟಿಸ್ ಎಂದರೂ, ಸ್ಲರ್ಮ್ ಓಡಿಸುವ ಸೂಪರ್ ಕಂಪ್ಯೂಟರ್ ಎಂದರೂ ಅಡಿಯಲ್ಲಿ ನಿಂತಿರುವುದು ಈ ಸಿ-ಗ್ರೂಪ್. ಜಾಬ್ ತನ್ನ ಗೆರೆ ದಾಟಿದಾಗ ಕರ್ನಲ್ ಅದನ್ನಷ್ಟೇ ಕೊಲ್ಲುತ್ತದೆ, ಪಕ್ಕದ ಜಾಬ್‌ಗೆ ಬಿಸಿ ತಟ್ಟುವುದಿಲ್ಲ. ಕೊನೆಯಲ್ಲಿ ‘137’ ಎಂಬ ಸಂಖ್ಯೆಯೊಂದಿಗೆ ಜಾಬ್ ಸತ್ತಿದ್ದರೆ ಅದನ್ನು ಹೊರಗಿನಿಂದ ಕೊಲ್ಲಲಾಗಿದೆ ಎಂದರ್ಥ, ಹೆಚ್ಚಿನ ಸಲ ಮೆಮೊರಿ ಮೀರಿದ ಕಾರಣಕ್ಕೆ. ಕೊಲ್ಲುವ ಸಂಕೇತದ ಸಂಖ್ಯೆ 9, ಅದಕ್ಕೆ 128 ಸೇರಿ 137.

ಅಂಕಿ ಹೇಳುವ ಸುಳ್ಳು

ಇಷ್ಟು ಹೇಳಿ ಅಂಕಿಗಳನ್ನು ಕಣ್ಣು ಮುಚ್ಚಿ ನಂಬಿ ಎಂದರೆ ಅನ್ಯಾಯವಾಗುತ್ತದೆ. ಅಳತೆಗಳಿಗೂ ಕುರುಡು ಮೂಲೆಗಳಿವೆ.

ಮೊದಲನೆಯದು ಅಳೆಯುವ ಅಂತರ. ಸ್ಲರ್ಮ್ ತಾನಾಗಿ ಮೆಮೊರಿ ನೋಡುವುದು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ. ಎರಡು ನೋಟಗಳ ನಡುವೆ ಪ್ರೋಗ್ರಾಂ ಐದು ಸೆಕೆಂಡ್ 150 ಗಿಗಾಬೈಟ್‌ಗೆ ಜಿಗಿದು ಇಳಿದಿದ್ದರೆ ಲೆಕ್ಕದ ಪುಸ್ತಕದಲ್ಲಿ ಅದು ಬರದೇ ಹೋಗಬಹುದು. ಆದರೆ ಸಿ-ಗ್ರೂಪ್ ಪ್ರತಿ ಕ್ಷಣವೂ ಕಾವಲಿರುತ್ತದೆ. ಹಾಗಾಗಿ ‘ಬಳಸಿದ್ದು 40 ಗಿಗಾಬೈಟ್ ಎಂದು ತೋರಿಸುತ್ತಿದೆ, ಕೇಳಿದ್ದು 100, ಆದರೂ ಮೆಮೊರಿ ಸಾಲದೆ ಸತ್ತಿತು’ ಎಂಬ ದೂರು ಬರುತ್ತದೆ. ದೂರು ಕೊಟ್ಟವರೂ ಸುಳ್ಳು ಹೇಳುತ್ತಿಲ್ಲ, ಯಂತ್ರವೂ ತಪ್ಪು ಮಾಡಿಲ್ಲ.

ಎರಡನೆಯದು ಇನ್ನೂ ಮೋಸದ್ದು. ಹಲವು ನೋಡ್‌ಗಳ ಮೇಲೆ ಹರಡಿಕೊಂಡು ಓಡುವ ಪ್ರೋಗ್ರಾಂಗಳಲ್ಲಿ ಕೋರ್‌ಗಳು ಆಗಾಗ ಒಂದಕ್ಕೊಂದು ಮಾತಾಡಿಕೊಳ್ಳಬೇಕು. 47 ಕೋರ್‌ಗಳ ಪಾಲು ಬೇಗ ಮುಗಿದು ಒಂದರದ್ದು ಉಳಿದಿದ್ದರೆ ಆ 47 ಕಾಯುತ್ತವೆ. ಆದರೆ ಹಲವು ಬಾರಿ ಅವು ಸುಮ್ಮನಿದ್ದು ಕಾಯುವುದಿಲ್ಲ. ‘ಬಂತೆ, ಬಂತೆ’ ಎಂದು ಎಡೆಬಿಡದೆ ಕೇಳುತ್ತಾ ಕಾಯುತ್ತವೆ. ಆ ಕೇಳುವುದೂ ಸಿಪಿಯು ಸಮಯವೇ. ‘ಟಾಪ್’ನಲ್ಲಿ 48 ಕೋರ್‌ಗಳೂ ಶೇ 100 ಎಂದು ಬೆಳಗುತ್ತಿರುತ್ತವೆ, ವಿಜ್ಞಾನ ಮಾತ್ರ ಒಂದೇ ಕೋರಿನಲ್ಲಿ ನಡೆಯುತ್ತಿರುತ್ತದೆ. ಜಿಪಿಯು ಕಡೆಯೂ ಇದೇ ಪಾಡು. ‘ಎನ್‌ವಿಡಿಯಾ-ಎಸ್‌ಎಂಐ’ ಸಾಧನ ತೋರಿಸುವ ಬಳಕೆಯ ಶೇಕಡಾವಾರು ಅಂಕಿ, ನೋಡಿದ ಅವಧಿಯಲ್ಲಿ ಎಷ್ಟು ಹೊತ್ತು ಜಿಪಿಯು ಮೇಲೆ ಏನಾದರೊಂದು ನಡೆಯುತ್ತಿತ್ತು ಎಂಬುದನ್ನು ಮಾತ್ರ ಹೇಳುತ್ತದೆ. ಅದರ ಸಾವಿರಾರು ಘಟಕಗಳಲ್ಲಿ ಎಷ್ಟು ದುಡಿದವು ಎಂದು ಹೇಳುವುದಿಲ್ಲ. ಒಂದು ಮೂಲೆಯಲ್ಲಿ ಸಣ್ಣ ಲೆಕ್ಕವೊಂದು ಬಿಡದೆ ನಡೆಯುತ್ತಿದ್ದರೂ ಅದು ಶೇ 100 ಎಂದೇ ತೋರಿಸಬಹುದು.

ಹೀಗಾಗಿ ಬಲ್ಲವರು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಅದೇ ಸಮಸ್ಯೆಯ ಚಿಕ್ಕ ರೂಪವನ್ನು ನಾಲ್ಕು ಕೋರ್, ಎಂಟು, ಹದಿನಾರು, ಮೂವತ್ತೆರಡು ಎಂದು ಏರಿಸುತ್ತಾ ಓಡಿಸಿ ನೋಡುತ್ತಾರೆ. ಕೋರ್ ಎರಡರಷ್ಟಾದಾಗ ಹೊತ್ತು ಅರ್ಧಕ್ಕೆ ಇಳಿಯುತ್ತಿದೆಯೇ? ಎಲ್ಲಿ ಇಳಿಯುವುದು ನಿಂತಿತೋ ಅಲ್ಲಿಂದ ಮುಂದೆ ಕೇಳುವುದು ವ್ಯರ್ಥ. ಒಂದು ಮಧ್ಯಾಹ್ನದ ಕೆಲಸ ಇದು. ಸಂಶೋಧನೆಯ ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಡಿಸ್ಕಿನ ಮಾತನ್ನು ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಕೋರ್ ಮತ್ತು ಮೆಮೊರಿಗೆ ಗೆರೆ ಎಳೆಯಬಹುದು, ಆದರೆ ಇಡೀ ಕ್ಲಸ್ಟರ್ ಹಂಚಿಕೊಳ್ಳುವ ಫೈಲ್ ವ್ಯವಸ್ಥೆಗೆ ಹಾಗೆ ಗೆರೆ ಎಳೆಯುವುದು ಕಷ್ಟ. ‘ಲಸ್ಟರ್’ನಂಥ ವ್ಯವಸ್ಥೆಗಳು ದೊಡ್ಡ ಫೈಲ್‌ಗಳಿಗೆಂದು ಕಟ್ಟಿದವು. ಒಂದು ಜಾಬ್ ಹತ್ತು ಲಕ್ಷ ಪುಟಾಣಿ ಫೈಲ್‌ಗಳನ್ನು ತೆರೆದು ಮುಚ್ಚುತ್ತಾ ಹೋದರೆ ಫೈಲ್‌ಗಳ ಹೆಸರು, ಜಾಗದ ಲೆಕ್ಕ ಇಡುವ ಸರ್ವರ್ ಉಸಿರುಗಟ್ಟುತ್ತದೆ. ಆಗ ಏನೂ ಮಾಡದ ಇನ್ನೊಬ್ಬರಿಗೆ ತಮ್ಮ ಫೋಲ್ಡರ್‌ನ ಪಟ್ಟಿ ನೋಡಲೂ ನಿಮಿಷ ಹಿಡಿಯುತ್ತದೆ. ಹಾಗೆ ಮಾಡಿದವರ ಸ್ವಂತ ಅಂಕಿಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಕ್ಲಸ್ಟರ್ ನೋಡಿಕೊಳ್ಳುವ ಸಿಬ್ಬಂದಿ ಫೋನ್ ಮಾಡಿದಾಗಲೇ ಗೊತ್ತಾಗುವುದು. ಅವರ ಮುಂದೆ ಪ್ರೊಮಿಥಿಯಸ್, ಗ್ರಾಫಾನಾದಂಥ ಮುಕ್ತ ತಂತ್ರಾಂಶಗಳು ಬಿಡಿಸುವ ಗೆರೆಗಳಿರುತ್ತವೆ. ಅವನ್ನು ಬಳಸುವವರಿಗೂ ತೋರಿಸುವ ಕೇಂದ್ರಗಳಲ್ಲಿ ಈ ತಕರಾರು ಬೇಗ ಬಗೆಹರಿಯುತ್ತದೆ.

ಆರು ಕಿಲೋಮೀಟರ್‌ನ ಚೌಕ

ಯಂತ್ರದ ಕೋಣೆಯ ಈ ಲೆಕ್ಕದಿಂದ ಬದನವಾಳಿಗೆ ಏನು ಎಂದು ಕೇಳುವವರಿಗೆ ನನ್ನ ಉತ್ತರ ಮಳೆ. ನಂಜನಗೂಡು, ತಿ. ನರಸೀಪುರದ ಕಡೆ ಕಬಿನಿ, ಕಾವೇರಿಯ ನಾಲೆ ಮುಟ್ಟಿದ ಭತ್ತದ ಬಯಲೂ ಇದೆ, ನಾಲೆ ಮುಟ್ಟದ ಮಳೆಯಾಶ್ರಿತ ಹೊಲವೂ ಇದೆ. ಹೊಲದವರಿಗೆ ಬಿತ್ತನೆಯ ವಾರದಲ್ಲಿ ಮಳೆಯ ಮಾತು ಬೇಕು. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ರೈತರು ಫೋನ್ ಮಾಡಿ ಕೇಳುವುದೂ ಅದನ್ನೇ. ಫೋನಿನಲ್ಲಿ ಬರುವ ಒಂದು ಸಾಲಿನ ಉತ್ತರದ ಹಿಂದೆ, ಬಹಳ ದೂರದಲ್ಲಿ, ಇಂಥ ಜಾಬ್‌ಗಳೇ ಓಡಿರುತ್ತವೆ.

ಹವಾಮಾನ ಮಾದರಿ ಇಡೀ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದಲ್ಲೂ ಗಾಳಿ, ಒತ್ತಡ, ತೇವ, ಉಷ್ಣತೆಗಳನ್ನು ಲೆಕ್ಕ ಹಾಕುತ್ತಾ ಕಾಲದಲ್ಲಿ ಮುಂದೆ ಸಾಗುತ್ತದೆ. 12 ಕಿಲೋಮೀಟರ್ ಬದಿಯ ಚೌಕದಲ್ಲಿ ಹಲವು ಊರುಗಳು ಒಂದಾಗಿ ಕಲಸಿಹೋಗುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಗೆ ‘ಅರ್ಕಾ’ ಎಂಬ 11.77 ಪೆಟಾಫ್ಲಾಪ್ಸ್‌ನ ಯಂತ್ರ, ನೋಯ್ಡಾದ ಹವಾಮಾನ ಮುನ್ಸೂಚನಾ ಕೇಂದ್ರಕ್ಕೆ ‘ಅರುಣಿಕಾ’ ಎಂಬ 8.24 ಪೆಟಾಫ್ಲಾಪ್ಸ್‌ನ ಯಂತ್ರ ಬಂದವು. 2025ರ ಮೇ ತಿಂಗಳಲ್ಲಿ ಆರು ಕಿಲೋಮೀಟರ್ ಚೌಕದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಬಳಕೆಗೆ ಬಂತು. ಚೌಕದ ಬದಿ ಅರ್ಧವಾದರೆ ಚೌಕಗಳು ನಾಲ್ಕರಷ್ಟಾಗುತ್ತವೆ. ಚೌಕ ಸಣ್ಣದಾದಂತೆ ಕಾಲದ ಹೆಜ್ಜೆಯೂ ಚಿಕ್ಕದಾಗಬೇಕು, ಅದಕ್ಕೆ ಇನ್ನೂ ಎರಡು ಪಟ್ಟು. ಒಟ್ಟು ಎಂಟರಷ್ಟು ಲೆಕ್ಕ. ಒಂದು ಊರಿನ ಮಳೆಯನ್ನು ಪಕ್ಕದ ಊರಿನ ಮಳೆಯಿಂದ ಬೇರ್ಪಡಿಸಿ ಹೇಳಲು ತೆರಬೇಕಾದ ಬೆಲೆ ಅದು.

ಈ ಜಾಬ್‌ಗಳಿಗೆ ಗಡುವು ಬೇರೆ. ನಾಳೆಯ ಮುನ್ಸೂಚನೆ ನಾಳಿದ್ದು ಸಿದ್ಧವಾದರೆ ಯಾರಿಗೂ ಬೇಡ. ಹಾಗಾಗಿ ಹವಾಮಾನ ಕೇಂದ್ರಗಳಲ್ಲಿ ಜಾಬ್ ಓಡುತ್ತಿರುವಾಗಲೇ ಕಾವಲು ಕಾಯುತ್ತಾರೆ. ಮಾದರಿಯ ಇಪ್ಪತ್ತನಾಲ್ಕು ಗಂಟೆ ಲೆಕ್ಕವಾಗಲು ನಿನ್ನೆ ಎಷ್ಟು ನಿಮಿಷ ಹಿಡಿಯಿತು, ಇವತ್ತು ಎಷ್ಟು? ನಿಧಾನವಾಗಿದ್ದರೆ ಯಾವ ನೋಡ್ ಸೋತಿದೆ? ಒಂದು ನೋಡ್ ಬಿಸಿಯೇರಿ ತನ್ನ ವೇಗ ತಗ್ಗಿಸಿಕೊಂಡರೆ ಉಳಿದ ನೂರಾರು ಅದಕ್ಕಾಗಿ ಕಾಯಬೇಕಾಗುತ್ತದೆ. ಸಂಶೋಧನಾ ಕ್ಲಸ್ಟರ್‌ಗಳಲ್ಲಿ ಇಲ್ಲದ ಶಿಸ್ತು ಅಲ್ಲಿ ಇರುವುದು ಗಡುವಿನಿಂದಾಗಿ. ಹೊಲದವರ ಬಿತ್ತನೆಯ ಗಡುವೇ ಒಂದು ರೀತಿಯಲ್ಲಿ ಯಂತ್ರದ ಕೋಣೆಯವರೆಗೂ ಹೋಗಿ ಅಲ್ಲಿನವರನ್ನು ಎಚ್ಚರವಾಗಿರಿಸಿದೆ.

ಸಂಶೋಧನಾ ಕ್ಲಸ್ಟರ್‌ಗಳಿಗೆ ಅಂಥ ಶಿಸ್ತನ್ನು ತರುವ ದಾರಿಗಳಿವೆ, ಯಾವುದಕ್ಕೂ ಹೊಸ ಯಂತ್ರ ಬೇಡ. ಜಾಬ್ ಮುಗಿದಾಗ ಬರುವ ಇಮೇಲ್‌ನಲ್ಲೇ ‘ಸೆಫ್’ನ ನಾಲ್ಕು ಸಾಲು ಸೇರಿಸಬಹುದು. ಕೆಲವು ದೇಶಗಳ ಕೇಂದ್ರಗಳು ಇದನ್ನು ಮಾಡುತ್ತಿವೆ. ಮೊದಲ ಖಾತೆ ತೆರೆಯುವ ದಿನವೇ ಒಂದು ಚಿಕ್ಕ ಜಾಬ್ ಓಡಿಸಿ, ಅದನ್ನು ನೋಡಿ, ಕೇಳಿದ್ದನ್ನು ತಿದ್ದಿ ಮತ್ತೆ ಓಡಿಸಿ ತೋರಿಸಬೇಕು ಎಂಬ ನಿಯಮ ತರಬಹುದು. ಮೈಸೂರು, ಮಂಗಳೂರು, ಧಾರವಾಡದ ಕಾಲೇಜುಗಳಿಂದ ಬರುವ ಹುಡುಗ ಹುಡುಗಿಯರಿಗೆ ಈ ಪಾಠ ಕನ್ನಡದಲ್ಲಿ ಸಿಗಬೇಕು. ಇಂಗ್ಲಿಷ್ ಕೈಪಿಡಿಯ ಇನ್ನೂರು ಪುಟ ತಿರುವಿ ಹೆದರಿ, ಹಿರಿಯರ ಸ್ಕ್ರಿಪ್ಟ್ ಕಾಪಿ ಮಾಡುವವರೇ ಹೆಚ್ಚು. ಮಾರ್ಗದರ್ಶಕರಾದ ಪ್ರಾಧ್ಯಾಪಕರು ತಿಂಗಳಿಗೊಮ್ಮೆ ತಮ್ಮ ಗುಂಪಿನ ಲೆಕ್ಕ ತೆರೆದು ಎಲ್ಲರೆದುರು ಓದಿದರೆ ಇನ್ನೂ ಒಳ್ಳೆಯದು. ಅದು ಯಾರನ್ನೂ ನಾಚಿಸಲು ಆಗಬಾರದು. ಶೇ 8 ಬಂದವರ ಪ್ರೋಗ್ರಾಂ ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೂಡಿ ಹುಡುಕಲು ಆಗಬೇಕು.

ಇನ್ನೊಂದು ಬೇಡಿಕೆಯನ್ನೂ ಇಡುತ್ತೇನೆ. ಸಾರ್ವಜನಿಕ ಯಂತ್ರದ ಮೇಲೆ ನಡೆದ ಪ್ರತಿಯೊಂದು ಸಂಶೋಧನಾ ಪ್ರಬಂಧದ ಕೊನೆಯಲ್ಲಿ, ಯಂತ್ರಕ್ಕೆ ಕೃತಜ್ಞತೆ ಹೇಳುವ ಸಾಲಿನ ಪಕ್ಕದಲ್ಲೇ, ಎರಡು ಅಂಕಿ ಅಚ್ಚಾಗಬೇಕು: ಹಿಡಿದಿಟ್ಟ ಕೋರ್-ಗಂಟೆಗಳು, ನಿಜವಾಗಿ ದುಡಿದ ಕೋರ್-ಗಂಟೆಗಳು. ಎರಡೂ ಈಗಾಗಲೇ ಶೆಡ್ಯೂಲರ್‌ನ ದತ್ತಾಂಶದಲ್ಲಿವೆ, ಒಂದು ಕಮಾಂಡ್ ಕೊಟ್ಟರೆ ಹೊರಬರುತ್ತವೆ. ರಾಷ್ಟ್ರೀಯ ಮಿಷನ್ ಅಡಿಯ ಕೇಂದ್ರಗಳು ಮುಂದಿನ ಸಮಯ ಹಂಚಿಕೆಗೆ ಅರ್ಜಿ ಕರೆಯುವಾಗ ಹಿಂದಿನ ಹಂಚಿಕೆಯ ಈ ಎರಡು ಅಂಕಿಗಳನ್ನು ಕಡ್ಡಾಯ ಮಾಡಿದರೆ, ಮೊದಲ ವರ್ಷದಲ್ಲೇ ಲ್ಯಾಬ್‌ಗಳ ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಕೂತಿರುವ 48 ಎಂಬ ಸಂಖ್ಯೆಯನ್ನು ಯಾರಾದರೂ ತೆರೆದು ನೋಡುತ್ತಾರೆ.